ಸಾಲಿನ ಕೊನೆಗೆ ನಿಲ್ಲಿಸಿದವರು

ಜಪಾನಿನ ಇಚಿಕಾವಾದ ನಮ್ಮ ಬಾಲ್ಕನಿಗೆ ಮೊನ್ನೆ ಮೇಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ರಜೆಗೆ ಮನೆಗೆ ಬಂದಿದ್ದ ನಾನು ಕತ್ತೆತ್ತಿ ನೋಡಿದೆ. ಮೇಲಿನ ಮನೆಗೆ ಹೊಸದಾಗಿ ಬಂದ ದಂಪತಿ ಡೈವಿಂಗಿನ ಕರಿಯ ಸೂಟುಗಳನ್ನು ಒಣಹಾಕಿದ್ದರು. ಒದ್ದೆ ರಬ್ಬರು, ಎಷ್ಟು ತೊಳೆದರೂ ಹೋಗದ ಉಪ್ಪು... ಆ ವಾಸನೆ ಮೂಗಿಗೆ ಬಡಿದದ್ದೇ, ಹಿಂದೊಮ್ಮೆ ಅದೇ ಮನೆಯಲ್ಲಿದ್ದ ಆಂಟಿ ಕಣ್ಣೆದುರು ಬಂದರು. ಹರವುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಬಂದು ಕುಳಿತೆ.

ಆಂಟಿ ಮೈಸೂರಿನವರು. ನಮ್ಮ ಕಟ್ಟಡದ ಕನ್ನಡದ ಮನೆಗಳಲ್ಲಿ ಜಪಾನೀಸ್ ನಿಜವಾಗಿ ಬರುತ್ತಿದ್ದದ್ದು ಅವರೊಬ್ಬರಿಗೇ. ಅಪ್ಪನೂ ಆಂಟಿಯ ಗಂಡ ಅಂಕಲ್ಲೂ ಶಿನಾಗಾವಾದ ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ದಿನ ತಳ್ಳುತ್ತಿದ್ದರು. ನಾನು ಓದುತ್ತಿದ್ದದ್ದೂ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ. ಹಲ್ಲಿನ ಡಾಕ್ಟರ ಬಳಿ ಹೋಗಬೇಕೆ, ಗ್ಯಾಸಿನವನು ಬಾಗಿಲು ತಟ್ಟಿದನೆ, ನಾವು ಓಡಿಹೋಗಿ ಮೇಲಿನ ಮನೆಯ ಬೆಲ್ ಒತ್ತುತ್ತಿದ್ದೆವು. ಅವರು ಸಿಗದಿದ್ದರೆ ತಲೆಯಾಡಿಸುತ್ತ 'ಹೈ, ಹೈ' ಎನ್ನುವುದು ನಮ್ಮೆಲ್ಲರ ಚಾಳಿಯಾಗಿತ್ತು. 'ಹೌದು, ಸರಿ' ಎನ್ನುವ ಆ ಒಂದು ಪದದ ಹಿಂದೆ ನಮ್ಮ ಅಜ್ಞಾನವನ್ನು ವಿನಯವೆಂಬಂತೆ ಅಡಗಿಸುತ್ತಿದ್ದೆವು. ಒಮ್ಮೆ ಬಾಗಿಲಿಗೆ ಬಂದವನಿಗೆ ಅಪ್ಪ ಹಾಗೆಯೇ 'ಹೈ' ಎಂದದ್ದಕ್ಕೆ, ಒಂದಕ್ಷರವೂ ಓದಲಾಗದ ದಿನಪತ್ರಿಕೆ ಮನೆಗೆ ಬರತೊಡಗಿತು. ಅದನ್ನು ನಿಲ್ಲಿಸಿದವರೂ ಆಂಟಿಯೇ.

"ಮನೆ ಬರ್ಕೊಡಿ ಅಂದ್ರೂ ನಿಮ್ಮಪ್ಪ ಹೈ ಅಂತಾರೆ ಕಣೇ," ಎಂದು ನಕ್ಕು, ಅಪ್ಪನತ್ತ ತಿರುಗಿದ್ದರು. "ಅರ್ಥ ಆಗ್ಲಿಲ್ಲ ಅಂದ್ರೆ ಆಗ್ಲಿಲ್ಲ ಅನ್ರೀ. ಅದ್ರಲ್ಲೇನು ಅವಮಾನ?"

ಎರಡೂ ಮನೆಯವರು ಒಕಿನಾವಾ ದ್ವೀಪಕ್ಕೆ ರಜೆಗೆ ಹೋದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಸಮುದ್ರದೊಳಗೆ ಇಳಿಯಬೇಕೆಂದು ಹಟ ಹಿಡಿದವರು ಆಂಟಿ. ಹಟಕ್ಕೆ ಕಾರಣವನ್ನೂ ಅವರೇ ಹೇಳಿದ್ದರು: "ನೀರೊಳಗೆ ಮಾತೇ ಇಲ್ಲ ನೋಡು. ಅರ್ಧ ಗಂಟೆ ಆದ್ರೂ ಯಾರೂ ನನ್ನ 'ಏನಂದ್ರು, ಏನಂದ್ರು' ಅಂತ ಕೇಳಲ್ಲ!"

ಇಬ್ಬರು ಗೈಡುಗಳು ಜೊತೆಗಿರುತ್ತಾರೆಂದು ಡೈವಿಂಗ್ ಅಂಗಡಿಯವರು ಹೇಳಿದ್ದರು. ದೋಣಿಯಲ್ಲಿದ್ದವನು ಒಬ್ಬನೇ. ಗಾಳಿ ಆಗಲೇ ಎದ್ದಿತ್ತು. ಅವನು ಆಂಟಿಗೆ ಏನನ್ನೋ ಹೇಳಿದ. ಪಕ್ಕದಲ್ಲಿ ಅಪ್ಪ ವಾಡಿಕೆಯಂತೆ 'ಹೈ, ಹೈ' ಎಂದರು.

"ಏನಂದ್ರು ಆಂಟಿ?" ಎಂದೆ ನಾನು.

"ಇನ್ನೊಬ್ಬ ಗೈಡ್ ಬಂದಿಲ್ವಂತೆ. ನಿನಗೆ ಭಾಷೆ ಬರತ್ತಲ್ಲ, ಸಾಲಿನ ಕೊನೇಲಿದ್ದು ಇವ್ರನ್ನೆಲ್ಲ ನೋಡ್ಕೋ ಅಂತಾನೆ. ನೋಡೇ, ಇಲ್ಲೂ ಡ್ಯೂಟಿ!"

ಅವರಿಗೂ ಅದು ಮೊದಲ ಡೈವ್. ನಮ್ಮಂತೆಯೇ ಹಣ ಕೊಟ್ಟು ಬಂದವರು. ಆದರೂ, ಅಮ್ಮ ಮತ್ತು ಅಂಕಲ್ ದೋಣಿಯಲ್ಲೇ ಉಳಿದ ಮೇಲೆ, ಅಪ್ಪನೂ ನಾನೂ ಒಬ್ಬೊಬ್ಬರಾಗಿ ನೀರಿಗಿಳಿದಾಗ, ಆಂಟಿ ಎಲ್ಲರಿಗೂ ದಾರಿ ಬಿಟ್ಟು ಕೊನೆಗೆ ಇಳಿದರು. ಕೆಳಗೆ ನೀಲಿ ಮೀನುಗಳ ಹಿಂಡೊಂದು ಹಾದುಹೋದಾಗ ನಾನು ಹಿಂದಿರುಗಿ ನೋಡಿದೆ. ಎಲ್ಲ ಸರಿಯಿದೆ ಎಂದು ಬೆರಳನ್ನು ಉಂಗುರ ಮಾಡಿ ತೋರಿಸಿದರು. ಕನ್ನಡಕದೊಳಗಿನ ಅವರ ಕಣ್ಣು ನಗುತ್ತಿತ್ತು... ಆಮೇಲೆ ಸೆಳೆತ ಬಂತು, ಮರಳೆದ್ದಿತು. ಗೈಡ್ ನನ್ನನ್ನೂ ಅಪ್ಪನನ್ನೂ ಎಳೆದುಕೊಂಡು ಮೇಲೆ ಬಂದ. ಆಂಟಿ ಬರಲಿಲ್ಲ. ನಮ್ಮ ಹಿಂದೆ ಅವರಿದ್ದರು. ಅವರ ಹಿಂದೆ ಯಾರೂ ಇರಲಿಲ್ಲ. ಸಂಜೆಗೆ ಮುನ್ನ ಬೇರೊಂದು ದೋಣಿಯವರು ಅವರ ದೇಹವನ್ನು ತಂದರು.

ಕೆಲವು ವಾರಗಳ ಅನಂತರ ಅಂಗಡಿಯ ಮಾಲೀಕ ಕರಿಯ ಸೂಟು ತೊಟ್ಟು ಇಚಿಕಾವಾಕ್ಕೆ ಬಂದ. ಈ ದೇಶದಲ್ಲಿ ಕ್ಷಮೆ ಕೇಳಲು ಬರುವವರು ತರುವಂತೆ, ನೀಟಾಗಿ ಸುತ್ತಿದ ಸಿಹಿಯ ಪೆಟ್ಟಿಗೆಯೊಂದನ್ನು ಎರಡೂ ಕೈಯಿಂದ ಮುಂದಿಟ್ಟು, ಹಣೆ ಚಾಪೆಗೆ ತಾಗುವಷ್ಟು ಬಾಗಿದ. ಬಳಿಕ ಬಹಳ ಹೊತ್ತು, ಬಹಳ ಮೆಲುವಾಗಿ ಮಾತನಾಡಿದ. ಮೇಲಿನ ಮನೆಯ ಆ ಕೋಣೆಯಲ್ಲಿ ಅಂಕಲ್, ಅಪ್ಪ, ಅಮ್ಮ, ನಾನು ಕುಳಿತಿದ್ದೆವು. ಅವನ ಮಾತನ್ನು ನಮಗೆ ತಿಳಿಸಬಲ್ಲವರು ಗೋಡೆಗೊರಗಿಸಿದ ಫೋಟೋದಲ್ಲಿದ್ದರು. ಬಾಗಿದವನ ಎದುರು ಸುಮ್ಮನಿರುವುದು ಹೇಗೆಂದು ತಿಳಿಯದೆ, ಕಣ್ಣೊರೆಸಿಕೊಳ್ಳುತ್ತ ಅಂಕಲ್ 'ಹೈ' ಎಂದರು. ಅಪ್ಪನೂ 'ಹೈ' ಎಂದರು. ಸ್ವಲ್ಪ ಕಾಲದಲ್ಲೇ ಅಂಕಲ್ ಅಸ್ಥಿಯೊಂದಿಗೆ ಮೈಸೂರಿಗೆ ಹೊರಟುಹೋದರು.

ಈಗ ಒಸಾಕಾದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ ಜಪಾನೀಸ್ ಬರುತ್ತದೆ. ಈ ವಸಂತದಲ್ಲಿ ಅಪ್ಪನನ್ನು ಕರೆದುಕೊಂಡು ಒಕಿನಾವಾದ ಆ ಅಂಗಡಿಗೆ ಹೋದೆ. ಅದೇ ಮಾಲೀಕ, ಕೂದಲು ಮಾತ್ರ ನರೆತಿತ್ತು. ಮತ್ತೆ ಬಾಗಿದ. ಬಾಗಬೇಡಿ, ಉತ್ತರ ಕೊಡಿ ಎಂದೆ. ಎರಡನೆಯ ಗೈಡ್ ಎಲ್ಲಿದ್ದ? ಮೊದಲ ಸಲ ನೀರಿಗಿಳಿದವರನ್ನು ಕಾವಲಿಗೆ ನಿಲ್ಲಿಸಿದ್ದು ಯಾವ ನ್ಯಾಯ? ಅವನು ನೆಲ ನೋಡುತ್ತ ಹೇಳಿದ: ಆಕೆ ತಾನಾಗಿ ಗುಂಪನ್ನು ಬಿಟ್ಟು ಹೋದರೆಂದು ಅಂದೇ ಕುಟುಂಬಕ್ಕೆ ವಿವರಿಸಿದ್ದೆ, ನೀವೆಲ್ಲರೂ ಒಪ್ಪಿಕೊಂಡಿರಿ.

"ಏನಂದ್ರು?" ಎಂದರು ಅಪ್ಪ.

ಆಂಟಿಯಾಗಿದ್ದರೆ ಒಂದು ಮಾತನ್ನೂ ಮುಚ್ಚಿಡುತ್ತಿರಲಿಲ್ಲ. ನಾನೂ ಮುಚ್ಚಿಡಲಿಲ್ಲ. ಅಪ್ಪ ಕೌಂಟರಿನ ಅಂಚು ಹಿಡಿದು ನಿಂತರು. "ನಾವು... ಅದಕ್ಕಾ ಹೈ ಅಂದಿದ್ದು?"

ಭಾಷೆಯರಿಯದ, ಎದೆಯೊಡೆದ ಜನರ ತಲೆಯಾಟವನ್ನು ಒಪ್ಪಿಗೆಯೆಂದು ಹೊತ್ತುಕೊಂಡು ಹೋದದ್ದು ಕ್ಷಮೆಯಾಚನೆಯಲ್ಲ, ಕಳವು. ನಾನು ಕೇಳುತ್ತಿರುವುದು ಪರಿಹಾರವನ್ನಲ್ಲ. ಆಕೆ ಗುಂಪನ್ನು ಬಿಟ್ಟು ಹೋಗಲಿಲ್ಲ, ನಾವೇ ಆಕೆಯನ್ನು ಹಿಂದೆ ನಿಲ್ಲಿಸಿದೆವು ಎಂದು ಆ ಅಂಗಡಿ ಬಾಯಿಬಿಟ್ಟು ಹೇಳಬೇಕು. ಹೇಳುವವರೆಗೆ ಕೇಳುತ್ತಲೇ ಇರುತ್ತೇನೆ. ಹೇಳಿದ ಮಾತ್ರಕ್ಕೆ ಅವರು ಮರಳಿ ಬರುವುದಿಲ್ಲ ಎಂಬುದೂ ಗೊತ್ತು...

ಮೊನ್ನೆ ಮೇಲಿನ ಮನೆಯ ದಂಪತಿಯಲ್ಲಿ ಹೆಂಡತಿ ಬಂದು ಬೆಲ್ ಒತ್ತಿ, ನೀರು ಸುರಿದದ್ದಕ್ಕೆ ಕ್ಷಮಿಸಿ ಎಂದು ಬಾಗಿ, ಏನೇನೋ ಹೇಳಿದಳು. ಬಾಗಿಲಲ್ಲಿದ್ದ ಅಪ್ಪ 'ಹೈ' ಎನ್ನಲಿಲ್ಲ. ಆಂಟಿಯನ್ನು ಕರೆಯುವ ಹಳೆಯ ಅಭ್ಯಾಸ ತಪ್ಪದೆ, ಮೇಲಿನ ಮನೆಯ ಮೆಟ್ಟಿಲಿನತ್ತ ನೋಡಿದರು.