ರಿಫಾದ ಕ್ವಾರಿಯಲ್ಲಿ ಬುದಯ್ಯದ ತೋಟ

ದೆವ್ವ, ಭೂತ ಎಂದು ಯಾರಾದರೂ ಕತೆ ಶುರುಮಾಡಿದರೆ ನಾನು ಎದ್ದುಹೋಗಿ ಚಹಾಕ್ಕೆ ನೀರಿಡುವವನು. ಮಣ್ಣಿನ ವಿಷಯದಲ್ಲಂತೂ ಇನ್ನೂ ಕಟ್ಟುನಿಟ್ಟು. ಊರು ದಾವಣಗೆರೆ, ಓದಿದ್ದು ಕೃಷಿ ವಿಜ್ಞಾನ. ಮಧ್ಯ ಭಾರತದ ಒಂದು ಕಲ್ಲಿದ್ದಲು ಗಣಿಯಲ್ಲಿ, ಅಗೆದು ಗುಡ್ಡ ಹಾಕಿದ ಮಣ್ಣು-ಕಲ್ಲಿನ ರಾಶಿಗಳ ಮೇಲೆ ಮತ್ತೆ ಹಸಿರು ಬೆಳೆಸುವುದೇ ಒಂಬತ್ತು ವರ್ಷ ನನ್ನ ಕೆಲಸವಾಗಿತ್ತು. ಗಣಿಗೆ ಹೊಲ ಕಳೆದುಕೊಂಡವರು ಬಂದು, ಇದರಲ್ಲಿ ನಮ್ಮ ಹೊಲದ ಮಣ್ಣು ಯಾವುದು ಎಂದು ಕೇಳಿದರೆ ನನಗೆ ನಗು ಬರುತ್ತಿತ್ತು. ಮಣ್ಣಿಗೆ ಅಂಥ ಗುರುತೆಲ್ಲ ಇರುವುದಿಲ್ಲ ಎಂದು ಹೇಳಿ ಕಳಿಸುತ್ತಿದ್ದೆ. ಈಗ ಅಷ್ಟು ಧೈರ್ಯವಾಗಿ ಹೇಳಲಾರೆ.

ಬಹ್ರೈನಿಗೆ ಬಂದ ಹೊಸತು. ದ್ವೀಪದ ವಾಯವ್ಯಕ್ಕಿರುವ ಬುದಯ್ಯ ಎಂಬ ಊರಿನ ಕಡೆ ತೋಟಗಳೆಲ್ಲ ಒಂದೊಂದಾಗಿ ವಿಲ್ಲಾಗಳಾಗುತ್ತಿದ್ದ ಕಾಲ. ರಿಫಾ ಪಟ್ಟಣದಿಂದಾಚೆ, ಸುಣ್ಣದ ಕಲ್ಲು ತೆಗೆದು ಬಿಟ್ಟಿದ್ದ ಒಂದು ಹಳೆಯ ಕ್ವಾರಿಯನ್ನು ತುಂಬಿಸಿ ಗಿಡ ಬೆಳೆಸುವ ಗುತ್ತಿಗೆ ನಮ್ಮ ಕಂಪನಿಗೆ ಸಿಕ್ಕಿತು. ಕಲ್ಲಿದ್ದಲು ಗಣಿಯಲ್ಲಿ ಕಲಿತದ್ದನ್ನೇ ನಾನು ಇಲ್ಲಿಗೂ ತಂದೆ: ಮೊದಲು ಎಲ್ಲಿಂದಾದರೂ ಒಳ್ಳೆಯ ಮೇಲ್ಮಣ್ಣು ತಂದು ಹರಡಬೇಕು, ಗಿಡದ ಮಾತು ಆಮೇಲೆ. ಬುದಯ್ಯದಲ್ಲಿ ಮಾರಾಟವಾಗಿದ್ದ ಒಂದು ತರಕಾರಿ ತೋಟದ ಮಣ್ಣು ಸಿಕ್ಕಿತು. ಬುಲ್ಡೋಜರ್ ಅದನ್ನು ಕೆರೆದು ರಾಶಿ ಮಾಡಿತು. ಟಿಪ್ಪರುಗಳು ಎರಡು ವಾರ ಹೊತ್ತು ತಂದವು. ನಾವು ಜರಡಿ ಹಿಡಿದು, ಗೊಬ್ಬರ ಬೆರೆಸಿ, ಮತ್ತೆ ರಾಶಿ ಮಾಡಿ ಹರಡಿದೆವು. ಇದನ್ನೆಲ್ಲ ಯಾಕೆ ಕೊರೆಯುತ್ತಿದ್ದೇನೆ ಎಂದರೆ, ಆ ಮಣ್ಣಿನ ಒಂದು ಹಿಡಿಯೂ ತನ್ನ ಪಕ್ಕದ ಹಿಡಿಯ ಜೊತೆ ಉಳಿದಿರಲು ಸಾಧ್ಯವಿರಲಿಲ್ಲ.

ಮಣ್ಣಿನ ಹಿಂದೆಯೇ ಹಸನಬ್ಬನವರೂ ಬಂದರು. ಉಪ್ಪಿನಂಗಡಿ ಕಡೆಯ ಬ್ಯಾರಿ. ಅದೇ ತೋಟದಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ವೀಸಾ ಮುಗಿಯಲು ಇನ್ನು ಐದು ತಿಂಗಳಿದ್ದುದರಿಂದ ತೋಟದ ಯಜಮಾನರೇ ಹೇಳಿ ನಮ್ಮಲ್ಲಿ ನೀರು ಹಾಯಿಸಲು ಬಿಟ್ಟಿದ್ದರು. ಸಲ್ಮಾಬಾದಿನ ಕಾರ್ಮಿಕರ ಕ್ಯಾಂಪಿನಿಂದ ಕಂಪನಿ ಬಸ್ಸಿನಲ್ಲಿ ಬರುತ್ತಿದ್ದರು, ಸಂಜೆ ಅದರಲ್ಲೇ ಹೋಗುತ್ತಿದ್ದರು.

ಡಿಸೆಂಬರಿನಲ್ಲಿ ಎರಡು ದಿನ ಒಳ್ಳೆಯ ಮಳೆಯಾಯಿತು. ಎರಡು ವಾರಕ್ಕೆ ನೆಲ ಹಸಿರಾಯಿತು. ಮಣ್ಣಿನಲ್ಲಿ ಮಲಗಿದ್ದ ಬೀಜ, ಬೇರು ಚಿಗುರಿವೆ, ಅದರಲ್ಲೇನೂ ಅಚ್ಚರಿಯಿಲ್ಲ. ಒಂದು ಬೆಳಿಗ್ಗೆ ಹಸನಬ್ಬ ಪೈಪು ಕೆಳಗಿಟ್ಟು ನನ್ನ ಹತ್ತಿರ ಬಂದರು.

"ಸಾರ್, ಇದು ನಮ್ಮ ತೋಟ."

"ಹೌದಲ್ರೀ, ಮಣ್ಣು ಅಲ್ಲಿಂದನೇ ಬಂದಿದ್ದು. ಬೀಜನೂ ಅದರ ಜೊತೆ ಬಂದಿರುತ್ತೆ," ಎಂದೆ.

"ಬೀಜ ಬಂದದ್ದು ಸರಿ ಸಾರ್. ಅದಕ್ಕೆ ಜಾಗ ಹೇಗೆ ಗೊತ್ತಾದದ್ದು?"

ಆಗ ಸರಿಯಾಗಿ ನೋಡಿದೆ. ಪುದೀನವೆಲ್ಲ ಒಂದೇ ಚೌಕದಲ್ಲಿ ಚಿಗುರಿತ್ತು. ಅದರ ಪಕ್ಕದಲ್ಲಿ ಜರ್ಜೀರ್, ಅರಬರು ಊಟದ ಜೊತೆ ಹಸಿಯಾಗಿ ತಿನ್ನುವ ಖಾರದ ಸೊಪ್ಪು, ಸಾಲುಸಾಲಾಗಿ ನಿಂತಿತ್ತು. ನಡುವೆ ಮೊಳ ಅಗಲದ ಬರಿ ನೆಲ ಉದ್ದಕ್ಕೂ ಹೋಗಿ ಒಂದು ಕಡೆ ಎಡಕ್ಕೆ ತಿರುಗಿತ್ತು. ಅದು ತೋಟಕ್ಕೆ ನೀರು ಹಾಯುವ ಕಣಿ ಎಂದರು ಹಸನಬ್ಬ. ಬುದಯ್ಯದಲ್ಲಿ ಬಂಡೆ ಅಡ್ಡ ಬಂದದ್ದರಿಂದ ಅವರೇ ಅದನ್ನು ತಿರುಗಿಸಿದ್ದರಂತೆ. "ಇಲ್ಲಿಂದ ಹನ್ನೊಂದು ಹೆಜ್ಜೆ ಹೋಗಿ ಸಾರ್. ಖರ್ಜೂರದ ಮರ ಇದ್ದ ಜಾಗ. ಅಲ್ಲಿ ಎಂತದೂ ಹುಟ್ಟಿರ್ಲಿಕ್ಕಿಲ್ಲ." ಹೋಗಿ ನೋಡಿದೆ. ಗಾಡಿಯ ಚಕ್ರದಷ್ಟು ದುಂಡಗೆ ನೆಲ ಬೋಳಾಗಿತ್ತು.

ಆಫೀಸಿಗೆ ಹೋಗಿ ಕಂಪ್ಯೂಟರಿನಲ್ಲಿ ಆ ತೋಟದ ಹಳೆಯ ಉಪಗ್ರಹ ಚಿತ್ರ ಹುಡುಕಿ ತೆಗೆದೆ. ಮರುದಿನ ಟೇಪು ಹಿಡಿದು ಅಳೆದೆ. ಚೌಕ, ತಿರುವು, ಮರದ ಜಾಗ, ಎಲ್ಲ ಹೊಂದಿತು. ಹಸನಬ್ಬನೇ ಕದ್ದು ಬಂದು ಬಿತ್ತಿದರೇ ಎಂದು ವಾಚ್‌ಮನ್‌ನನ್ನೂ ಕ್ಯಾಂಪಿನವರನ್ನೂ ವಿಚಾರಿಸಿದೆ, ಹೇಳಲು ನಾಚಿಕೆಯಾಗುತ್ತದೆ. ಬಸ್ಸು ಬಿಟ್ಟರೆ ಅವರಿಗೆ ಅಲ್ಲಿಗೆ ಬರುವ ದಾರಿಯೇ ಇರಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು. ಕಲ್ಲಿದ್ದಲು ಗಣಿಯ ಮಣ್ಣಿನ ರಾಶಿಗಳ ಮೇಲೆ ಒಂಬತ್ತು ವರ್ಷ ಕಳೆ ಎಂದು ಕೂಲಿ ಕೊಟ್ಟು ಕೀಳಿಸಿದ್ದೆನಲ್ಲ, ಒಮ್ಮೆಯಾದರೂ ದೂರ ನಿಂತು ಅದು ಯಾವ ಆಕಾರದಲ್ಲಿ ಹುಟ್ಟಿದೆ ಎಂದು ನೋಡಿದ್ದೆನೇ?

ಗುತ್ತಿಗೆಯ ಪ್ರಕಾರ ಅಲ್ಲಿ ಉಪ್ಪುನೆಲ ತಾಳುವ ಪೊದೆಗಳು ಮಾತ್ರ ಇರಬೇಕು. ಬೇರೇನು ಹುಟ್ಟಿದರೂ ಗುತ್ತಿಗೆ ಕೊಟ್ಟವರ ತಪಾಸಣೆಗೆ ಮೊದಲು ತೆಗೆಯಬೇಕು. ಹಸನಬ್ಬನವರಿಗೂ ಇದು ಗೊತ್ತಿತ್ತು. ಅವರು ಕೇಳಿಕೊಂಡದ್ದು ಒಂದೇ: "ಫೆಬ್ರವರಿಯಲ್ಲಿ ನಾನು ಊರಿಗೆ ಹೋಗುವುದು. ಅಲ್ಲಿವರೆಗೆ ಇರ್ಲಿ ಸಾರ್." ಆಗಲಿ ಎಂದು ಮಾತು ಕೊಟ್ಟೆ. ಅಂದಿನಿಂದ ಅವರು ಊಟದ ಹೊತ್ತಿನಲ್ಲಿ ಬುತ್ತಿ ಹಿಡಿದು ಆ ಕಣಿಯ ಪಕ್ಕವೇ ಕೂರುತ್ತಿದ್ದರು.

ತಪಾಸಣೆಯ ದಿನ ನಿಗದಿಯಾಯಿತು, ಹಸನಬ್ಬನವರ ವಿಮಾನಕ್ಕಿಂತ ನಾಲ್ಕು ದಿನ ಮೊದಲು. ಮುಂದಕ್ಕೆ ಹಾಕಿ ಎಂದು ಒಂದು ಫೋನ್ ಮಾಡಬಹುದಿತ್ತು, ಒಪ್ಪುತ್ತಲೂ ಇದ್ದರು. ಮಾಡಲಿಲ್ಲ. ಕಾರಣ ಏನೆಂದು ಹೇಳುವುದು? ಅದೂ ಅಲ್ಲದೆ, ಅದು ಒಮ್ಮೆ ಕಣ್ಣೆದುರಿನಿಂದ ತೊಲಗಿದರೆ ಸಾಕಾಗಿತ್ತು ನನಗೆ. ಹಸನಬ್ಬ ಕಾಗದಪತ್ರದ ಕೆಲಸಕ್ಕೆಂದು ರಜೆ ಹಾಕಿದ ದಿನ ನೋಡಿ ಇನ್ನೂ ಪೊದೆ ನೆಡದಿದ್ದ ಆ ಭಾಗಕ್ಕೆ ರೋಟವೇಟರ್ ಹೊಡೆಸಿ ಎಲ್ಲ ಮಣ್ಣಿಗೆ ಸೇರಿಸಿದೆ. ಅರ್ಧ ಗಂಟೆಯ ಕೆಲಸ.

ಹೊರಡುವ ಹಿಂದಿನ ದಿನ ಅವರು ಹೇಳಿಹೋಗಲು ಬಂದರು. ಉತ್ತ ನೆಲದ ಅಂಚಿಗೆ ಬಂದು ನೋಡಿದರು. ತಪಾಸಣೆ ಇತ್ತಲ್ಲ ಎಂದೆ. "ಪರವಾಗಿಲ್ಲ ಸಾರ್, ನಿಮ್ಮದು ಕೆಲಸ ಅಲ್ವಾ," ಎಂದು ನೆಲಕ್ಕೆ ಇಳಿದು ನಡೆದರು. ಕಣಿಯಿದ್ದ ಜಾಗ ಬಂದಾಗ ಕಾಲೆತ್ತಿ ದಾಟಿದರು. ಅಲ್ಲಿ ದಾಟಲು ಏನೂ ಇರಲಿಲ್ಲ.

ಮುಂದಿನ ಚಳಿಗಾಲ ಮತ್ತೆ ಮಳೆಯಾಯಿತು. ದಿನಾ ಬೆಳಿಗ್ಗೆ ಹೋಗಿ ನೋಡಿದೆ. ಪುದೀನವೂ ಬಂತು, ಜರ್ಜೀರೂ ಬಂತು, ಅಲ್ಲೊಂದು ಇಲ್ಲೊಂದು, ಪೂರಾ ಕಲಸುಮೇಲೋಗರ. ನಾನು ಓದಿದ ಪ್ರಕಾರ ಮೊದಲ ಸಲವೇ ಹೀಗೆ ಹುಟ್ಟಬೇಕಿತ್ತು. ಆಗ ಯಾಕೆ ಹಾಗೆ, ಈಗ ಯಾಕೆ ಹೀಗೆ, ಇಂದಿಗೂ ನನಗೆ ಬಗೆಹರಿದಿಲ್ಲ. ಆ ವಾರವೇ ಹಸನಬ್ಬ ಊರಿನಿಂದ ಫೋನ್ ಮಾಡಿದರು. ಇಲ್ಲಿ ಮಳೆಯಾದ ಸುದ್ದಿ ಯಾರೋ ಮುಟ್ಟಿಸಿದ್ದರು.

"ಬಂತಾ ಸಾರ್?"

"ಬಂತು."

"ಅದೇ ಜಾಗದಲ್ಲಾ?"

ಅದೇ ಜಾಗದಲ್ಲಿ ಎಂದೆ. ಪ್ರತಿ ವರ್ಷ ಮಳೆಯ ಸುದ್ದಿ ಕೇಳಿದಾಗಲೆಲ್ಲ ಅವರು ಫೋನ್ ಮಾಡುತ್ತಾರೆ. ನಾನು ಪ್ರತಿ ವರ್ಷವೂ ಅದನ್ನೇ ಹೇಳುತ್ತೇನೆ.