ದಪ್ಪ ಬಳಿದ ಮೇಷ್ಟ್ರು

ಚಿತ್ರದುರ್ಗದ ಕಾಲೇಜೊಂದರ ರಸಾಯನಶಾಸ್ತ್ರದ ಮೇಷ್ಟ್ರು ಓಬಳಪ್ಪನವರು ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಗಾಜಿನ ಪಟ್ಟಿಗೆ ಲೋಳೆಯಂಥ ಪಾಲಿಮರ್ ಜೆಲ್ ಬಳಿದುಕೊಂಡು ತರಗತಿಗೆ ಬರುತ್ತಿದ್ದರು. ಬಿಸಿ ತಾಗಿದರೂ ಹುಳಿ ತಾಗಿದರೂ ನೀರು ಬಿಟ್ಟು ಕುಗ್ಗುವುದು, ತಣ್ಣೀರಲ್ಲಿ ತೊಳೆದರೆ ಮತ್ತೆ ಉಬ್ಬುವುದು ಅದರ ಗುಣ. ಹಿರೇಗುಂಟನೂರಿನಿಂದ ಅವ್ವ ಕೊಟ್ಟುಕಳಿಸಿದ ನಿಂಬೆಹಣ್ಣನ್ನು ಅದರ ಮೇಲೆ ಹಿಂಡಿ, "ತಡ್ಕಳ್ರಪ್ಪ, ಕುಗ್ತೈತೆ" ಅನ್ನುವರು. ಗಂಟೆ ಹೊಡೆಯುವುದು, ಹುಡುಗರು ಎದ್ದು ಹೋಗುವರು, ಅದು ಆಮೇಲೆ ಕುಗ್ಗುವುದು. "ಜೆಲ್ಲಿನ ತಪ್ಪಲ್ಲ, ನಾನ್ ಬಳ್ದಿದ್ದು ದಪ್ಪಾತು. ದಪ್ಪ ಇದ್ರೆ ಹುಳಿ ಒಳಗೆ ಮುಟ್ಟಾಕೆ ಹೊತ್ತು ಬೇಕು. ನಂದೂ ಅದೇ ಜಾತಿ" ಎಂದು ತಾವೇ ನಗುವರು. ಪ್ರಿನ್ಸಿಪಾಲರು ಬೆಳಿಗ್ಗೆ ಬೈದರೆ ಇವರಿಗೆ ಸಿಟ್ಟು ಬರುವುದು ಸಂಜೆ, ಮನೆಯಲ್ಲಿ ಚಪ್ಪಲಿ ಬಿಚ್ಚುವಾಗ. ಯಾರೋ ಹೇಳಿದ ತಮಾಷೆಗೆ ಮಾರನೆಯ ದಿನ ಬಸ್ಸಿನಲ್ಲಿ ಒಬ್ಬರೇ ನಗುವರು. ಅವ್ವ ತೀರಿಕೊಂಡಾಗಲೂ ಅವರ ಕಣ್ಣು ಒದ್ದೆಯಾಗಲಿಲ್ಲ. ಮಣ್ಣು ಮಾಡಿ ಬಂದು ಪಾಠ ಮಾಡಿದರು. ಎಷ್ಟೋ ತಿಂಗಳ ಮೇಲೆ, ಮೊದಲ ಸಲ ಪೇಟೆಯಲ್ಲಿ ಕೊಂಡ ನಿಂಬೆಹಣ್ಣನ್ನು ಹಿಂಡುತ್ತಿದ್ದವರ ಕೈ ನಿಂತಿತು. "ಈಗ ಮುಟ್ತು ನೋಡ್ರಪ್ಪ" ಎಂದವರೇ ಬಿಕ್ಕಿ ಬಿಕ್ಕಿ ಅತ್ತರು. ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. "ಕುಂತ್ಕಳ್ರಿ ಸಾರ್," ಎಂದ ಹಿಂದಿನ ಬೆಂಚಿನ ರಂಗಪ್ಪ, "ನಾವು ತಡ್ಕಂತೀವಿ."