ರಾಣಿ ಕೊಟ್ಟು ಗೆದ್ದ ಆಟ

ರಾಣಿಯನ್ನೇ ಬಲಿಕೊಟ್ಟು, ಆನೆಯಿಂದ ಚೆಕ್ ಹೇಳಿ, ಕೈ ಕಟ್ಟಿ ಕುಳಿತೆ. ಖಾನಾಪುರದ ಹವ್ಯಾಸಿ ಚೆಸ್ ಪಂದ್ಯಾವಳಿಯ ಕೊನೆಯ ಸುತ್ತು ಅದು. ಎದುರಿಗಿದ್ದ ನಿವೃತ್ತ ನರ್ಸ್ ಸುಶೀಲಾಬಾಯಿ ಬಹಳ ಹೊತ್ತು ಮಣೆ ನೋಡಿ, ಸೋಲೊಪ್ಪಿಕೊಂಡು ಕೈ ಕುಲುಕಿದರು.

ಆಮೇಲೆ ಚಹಾ ಕುಡಿಯುವಾಗ ಅವರು ಕಾಯಿಗಳನ್ನು ಆ ಚೆಕ್ ಹೊತ್ತಿಗೆ ಇದ್ದಂತೆಯೇ ಮತ್ತೆ ಜೋಡಿಸಿ, ತಮ್ಮ ರಾಜನನ್ನು ಒಂದು ಮನೆ ಪಕ್ಕಕ್ಕೆ ಸರಿಸಿದರು. ನನ್ನ ದಾಳಿ ಅಲ್ಲಿಗೇ ಮುಗಿಯಿತು. ಆ ನಡೆ ನನಗೆ ಹೊಳೆದೇ ಇರಲಿಲ್ಲ.

"ಆಡೂಮುಂದ ಇದು ಕಂಡಿದ್ದಿಲ್ಲೇನ್ರಿ ಬಾಯಾರ?" ಎಂದೆ.

"ಕಂಡಿತ್ತರಿ ಸರ. ಆದ್ರ ನೀವು ಅಷ್ಟ ಆರಾಮ ಕುಂತಿದ್ರಿ. ನಂದಽ ತಪ್ಪಿರಬೇಕು ಅನಿಸ್ತು."

ಬೆಳಗಾವಿಗೆ ಮರಳುವ ಬಸ್ಸಿನಲ್ಲಿ ಗೆದ್ದ ಕಪ್ ತೊಡೆಯ ಮೇಲಿತ್ತು. ನಾನು ಗಣಿತದ ಮಾಸ್ತರ. ನನ್ನ ಗಟ್ಟಿ ದನಿ ಕೇಳಿ ಎಷ್ಟು ಮಕ್ಕಳು ತಮ್ಮ ಸರಿಯಾದ ಉತ್ತರವನ್ನೇ ಅಳಿಸಿ ಹಾಕಿರಬಹುದು ಎಂಬ ಯೋಚನೆ ಅಂದಿನಿಂದ ಬಿಟ್ಟಿಲ್ಲ.